ಹನ್ನೊಂದು ಖಾಲಿ ಪುಸ್ತಕಗಳು

ರಸ್ತೆ ಅಗಲ ಮಾಡಲು ಅತ್ತೆಯ ಮನೆಯನ್ನು ಕೆಡವುತ್ತೇವೆಂದು ನೋಟಿಸು ಬಂದಾಗ ನನಗೆ ಹದಿಮೂರು ವರ್ಷ. ಮನೆ ನೂರು ವರ್ಷ ದಾಟಿದೆಯೆಂದು ತೋರಿಸುವ ಕಾಗದ ತಂದರೆ ಮಾತ್ರ ಬಿಡುತ್ತೇವೆ, ಹದಿನೈದು ದಿನ ಗಡುವು ಎಂದಿದ್ದರು. ಅತ್ತೆ, ಅಂದರೆ ಅಪ್ಪನ ಅಕ್ಕ, ಅಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದಳು. ಮನೆ ಹೋದರೆ ಕಸುಬೂ ಹೋದಂತೆಯೇ. ನಾಲ್ಕಾಳು ಎತ್ತಲಾರದ ಅವಳ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿಗೆ ಬಾಡಿಗೆ ಮನೆ ಯಾರು ಕೊಡುತ್ತಾರೆ?

ನಾನು, ದರ್ಜಿಯ ಮಗಳು ಸೂಜಿ, ಗಾರೆ ಮೇಸ್ತ್ರಿಯ ಮಗ ಗುಂಡ, ಮೂವರೂ ಸೇರಿ ಅಟ್ಟ, ಪೆಟ್ಟಿಗೆ, ಕಪಾಟು ಎಲ್ಲವನ್ನೂ ಜಾಲಾಡಿದೆವು. ಸಿಕ್ಕಿದ್ದು ಸೀನು ಮಾತ್ರ.

ಮೂರನೆಯ ದಿನ ಅತ್ತೆ ಯಾವುದೋ ಹಳೆಯ ಪುಸ್ತಕವನ್ನು ಬಿಚ್ಚುತ್ತಾ, ಹಿಂದಿನವರು ಬೆನ್ನು ಗಟ್ಟಿಯಾಗಲೆಂದು ಒಳಗೆ ರದ್ದಿ ಕಾಗದದ ಪಟ್ಟಿ ಅಂಟಿಸುತ್ತಿದ್ದರೆಂದು ಹೇಳಿದಳು. ಮನೆ ಕಟ್ಟಿಸಿದ ನನ್ನ ಮುತ್ತಜ್ಜನಂತೂ ಒಂದು ಚೂರನ್ನೂ ಎಸೆದವನಲ್ಲವಂತೆ. ಸೂಜಿ ಥಟ್ಟನೆ ಕಪಾಟಿನತ್ತ ತಿರುಗಿದಳು. ಅಲ್ಲಿ ಮುತ್ತಜ್ಜ ಕಟ್ಟಿದ ಹನ್ನೊಂದು ಪುಸ್ತಕಗಳಿದ್ದವು. ಹಿಂದಿನ ದಿನವಷ್ಟೇ ಅವುಗಳ ಪುಟ ತಿರುವಿದ್ದೆವು. ಎಲ್ಲವೂ ಖಾಲಿ ಹಾಳೆಗಳು.

“ಏನೂ ಬರೀದೇ ಇರೋದಕ್ಕೆ ಯಾಕತ್ತೆ ಚರ್ಮದ ರಟ್ಟು?” ಎಂದು ಸೂಜಿ ಕೇಳಿದಳು.

ಅತ್ತೆ ಆ ಪುಸ್ತಕಗಳನ್ನು ಮೇಜಿಗೆ ತಂದಳು. ಬೆನ್ನುಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಅಂಟು ಮೆತ್ತಗಾದ ಮೇಲೆ ಮೊಂಡು ಚಾಕುವಿನಿಂದ ಪಟ್ಟಿಗಳನ್ನು ಬಿಡಿಸಿದಳು. ಮೊದಲ ಪಟ್ಟಿಯಲ್ಲೇ ಮನೆ ಕಟ್ಟಿದ ಮೇಸ್ತ್ರಿಯ ಮೊಹರು, ನೂರಾನಾಲ್ಕು ವರ್ಷ ಹಿಂದಿನ ತಾರೀಖು ಇತ್ತು. ಗುಂಡ ಕುಣಿದಾಡಿಬಿಟ್ಟ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಜಾಯಮಾನ ಅತ್ತೆಯದಲ್ಲ.

ಹನ್ನೊಂದೂ ಪಟ್ಟಿಗಳನ್ನು ಮೇಜಿನ ಮೇಲೆ ಹೊಂದಿಸಿಟ್ಟಾಗ, ಅದು ಮನೆ ಕಟ್ಟಲು ಮುತ್ತಜ್ಜ ಮೇಸ್ತ್ರಿಗೆ ಬರೆದುಕೊಟ್ಟ ಕರಾರು ಎಂದು ತಿಳಿಯಿತು. ಸೂಜಿ ಗಟ್ಟಿಯಾಗಿ ಓದತೊಡಗಿದಳು, ಬರಬರುತ್ತಾ ಅವಳ ದನಿ ತಗ್ಗಿತು. ಉತ್ತರದ ಗೋಡೆಯ ಹಿಂದೆ ನನ್ನ ತಂಗಿಗೆ ಒಂದು ಕೋಣೆ. ಕಿಟಕಿ ಬೇಡ. ತಟ್ಟೆ ತೂರುವಷ್ಟು ಕಿಂಡಿ ಸಾಕು. ಮಂಚ ನಾಲ್ಕೂವರೆ ಅಡಿ. ಅವಳು ಒಳಗೆ ಹೋದ ಮೇಲೆ ಬಾಗಿಲಿನ ಜಾಗಕ್ಕೆ ಇಟ್ಟಿಗೆ ಕಟ್ಟುವುದು.

ಮುತ್ತಜ್ಜನಿಗೆ ತಂಗಿಯಿದ್ದಳೆಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿರಲಿಲ್ಲ. ಆಗ ನಾನಿದ್ದ ಎತ್ತರವೂ ಹೆಚ್ಚುಕಡಿಮೆ ನಾಲ್ಕೂವರೆ ಅಡಿಯೇ.

ಆ ಗೋಡೆಯ ಹತ್ತಿರ ಹಾಳೆಗಳು ಒಣಗುವುದಿಲ್ಲವೆಂದು ಅತ್ತೆ ಒಣಹಾಕುವ ಹಗ್ಗವನ್ನು ಎಂದೋ ದೂರಕ್ಕೆ ಸರಿಸಿ ಕಟ್ಟಿಕೊಂಡಿದ್ದಳು. ಗುಂಡ ದಾರ ಹಿಡಿದು ಮನೆಯ ಹೊರಗೊಮ್ಮೆ, ಒಳಗೊಮ್ಮೆ ಅಳೆದ. ಒಳಗೆ ಐದು ಅಡಿ ಕಡಿಮೆ ಬಂತು. ನಡುಮಧ್ಯಾಹ್ನ, ಹೊರಗೆ ಸುಡುಬಿಸಿಲು. ಅವನು ಗೋಡೆಯನ್ನು ಮೂರು ಸಲ ಬಡಿದ. ಟೊಳ್ಳು ಸದ್ದು. ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಏನೋ ಚಿಕ್ಕದು ಉರುಳಿಬಂದು, ಗೋಡೆಗೆ ತಾಗಿ ನಿಂತಿತು.

ಗಾರೆ ಉದುರಿರಬೇಕು ಎಂದ ಗುಂಡ. ಆದರೆ ಬಡಿದ ಕೈಯನ್ನು ಜೇಬಿನೊಳಗೆ ಇಟ್ಟವನು ಮನೆಗೆ ಹೋಗುವವರೆಗೂ ಹೊರಗೆ ತೆಗೆಯಲಿಲ್ಲ.

ಕಚೇರಿಗೆ ಮೊದಲ ಪಟ್ಟಿಯೊಂದೇ ಸಾಕಿತ್ತು. ಉಳಿದದ್ದನ್ನು ಮುಚ್ಚಿಟ್ಟರೆ ಮನೆತನದ ಮಾನವೂ ಉಳಿಯುತ್ತದೆಂದು ಅಪ್ಪ ಅಂದ. ಅತ್ತೆ ಕೇಳಲಿಲ್ಲ.

“ಇಷ್ಟು ವರ್ಷ ಚೂರುಚೂರಾಗಿದ್ದಿದ್ದು ಸಾಕು,” ಎಂದವಳೇ ಹನ್ನೊಂದನ್ನೂ ಒಂದೇ ಹಾಳೆಗೆ ಅಂಟಿಸಿ ಕೊಟ್ಟುಬಂದಳು. ಆದೇಶ ಕೈಗೆ ಬಂದ ಮರುದಿನವೇ ಗುಂಡನ ಅಪ್ಪನಿಂದ ಗೋಡೆ ಒಡೆಸಿ, ಒಳಗೆ ಏನೇ ಉಳಿದಿರಲಿ, ಆ ಹುಡುಗಿಯನ್ನು ಹೊರಗೆ ತರುವುದೆಂದು ನಾವೆಲ್ಲ ಮಾತಾಡಿಕೊಂಡೆವು. ಆ ದಿನಗಳಲ್ಲಿ ನಮ್ಮ ಜಂಭ ಹೇಳತೀರದು.

ತಿಂಗಳೊಳಗೆ ಆದೇಶ ಬಂತು. ಮನೆ ಉಳಿದಿತ್ತು. ಇಂಥ ಕೋಣೆ ಬೇರೆಲ್ಲೂ ಇಲ್ಲವಾದ್ದರಿಂದ ಇದು ರಕ್ಷಿತ ಕಟ್ಟಡ, ಇನ್ನು ಮುಂದೆ ಇದರ ಒಂದು ಇಟ್ಟಿಗೆಯನ್ನೂ ಯಾರೂ ಕದಲಿಸಕೂಡದು ಎಂದು ಬರೆದಿತ್ತು. ಅತ್ತೆ ಕಚೇರಿಗೆ ನಾಲ್ಕು ಸಲ ಅಲೆದಳು. ಆ ಗೋಡೆಯಿಂದಲೇ ಅಲ್ಲವೇ ನಿಮ್ಮ ಮನೆ ಉಳಿದದ್ದು ಎಂದು ಅಧಿಕಾರಿ ನಯವಾಗಿ ಕೇಳಿ ಕಳಿಸಿದ. ಗುಂಡನ ಅಪ್ಪ ಸುತ್ತಿಗೆ, ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ನಾವು ಮೂವರೂ ಆ ಗೋಡೆಯನ್ನೇ ನೋಡುತ್ತಾ ಕೂತಿದ್ದೆವು.

“ಮನೆ ಕೆಡವಿದ್ದಿದ್ರೆ ಅವಳು ಹೊರಗೆ ಬರ್ತಿದ್ಲು ಕಣೇ,” ಎಂದಳು ಸೂಜಿ.

ನಾನು ಅವಳ ಬಾಯಿ ಮುಚ್ಚಲು ಹೋದೆ. ಅಷ್ಟರಲ್ಲಿ ಅತ್ತೆಗೆ ಕೇಳಿಸಿಯಾಗಿತ್ತು.