ಇಪ್ಪತ್ತನೇ ತಾರೀಖಿನೊಳಗೆ ತಿಳಿಸಿರಿ

ಮುಕ್ತಾಬಾಯಿ ಮಗಳ ಮದುವೆಗೆ ಸೀರೆ ಜವಳಿ ತರುವ ಮೊದಲೇ ಗಡುವು ಹಾಕಿದಳು. ವಿಮಾ ಕಚೇರಿಯಲ್ಲಿ ಮೂವತ್ತು ವರ್ಷ ಕೂತು, ತಾರೀಖು ಮೀರಿ ಬಂದ ಅರ್ಜಿಗಳನ್ನು ತಲೆ ಎತ್ತದೆ ಹಿಂದಕ್ಕೆ ತಳ್ಳಿದ ಕೈ ಅದು. ನಿವೃತ್ತಿಯಾದರೂ ಚಟ ಹೋಗಿರಲಿಲ್ಲ. ಮದುವೆಗೆ ಗೊತ್ತು ಮಾಡಿದ್ದ ಹಡಪಸರದ ಮಂಗಲ ಕಾರ್ಯಾಲಯದವರು ಊಟಕ್ಕೆ ಎಷ್ಟು ಮಂದಿ ಅಂತ ಮುಂಚಿತವಾಗಿ ಹೇಳಿ ಎಂದದ್ದೇ ಅವಳಿಗೆ ನೆಪವಾಯಿತು. ಬಳಗಕ್ಕೆಲ್ಲ ವಾಟ್ಸ್ಯಾಪಿನಲ್ಲಿ ಲಗ್ನಪತ್ರಿಕೆಯ ಚಿತ್ರ ಹೋಯಿತು. ಅದರ ಕೆಳಗೆ ಬರುವಿರೋ ಇಲ್ಲವೋ ತುಂಬಿ ಕಳಿಸುವ ಫಾರ್ಮಿನ ಲಿಂಕು, ಲಿಂಕಿನ ಕೆಳಗೆ ದಪ್ಪ ಅಕ್ಷರದಲ್ಲಿ: ಇಪ್ಪತ್ತನೇ ತಾರೀಖಿನೊಳಗೆ ತಿಳಿಸಿರಿ. ಆಮೇಲೆ ತಿಳಿಸಿದವರಿಗೆ ವ್ಯವಸ್ಥೆ ಇರುವುದಿಲ್ಲ.

ಮದುವೆಗೆ ಕರೆಯುವ ಮಾತೇ ಇದು? ಧಾರವಾಡ, ಬೆಳಗಾವಿಯ ಬಳಗ ಕೆಂಡವಾಯಿತು. ಚಿಕ್ಕಪ್ಪನ ಮಗ ಮೋಹನದಾಸ್ ಬೆಳಗಾವಿಯಿಂದ ಫೋನು ಹಚ್ಚಿ, "ಬರ್ತೀವಿ ತಗೋ, ನೋಡೂಣು" ಎಂದ.

"ನೋಡೂಣು ಅಂತ ಬರೀಲಿಕ್ಕೆ ಫಾರ್ಮಿನ್ಯಾಗ ಜಾಗಾ ಇಲ್ಲ. ಹೌದು ಅನ್ನು, ಇಲ್ಲಾ ಇಲ್ಲ ಅನ್ನು."

"ಏನ ಮುಕ್ತಾ, ಮದುವಿಗೆ ಕರೀಲಿಕ್ಕತ್ತೀಯೋ, ಕೋರ್ಟಿಗೋ?"

"ಬಂದು ಉಣ್ಣೋರಿಗೆ ಮದುವಿ. ಬರ್ತೀನಂತ ಹೇಳಿ ತಪ್ಪಿಸೋರಿಗೆ ಕೋರ್ಟು."

ಅವನು ಫೋನು ಇಟ್ಟ. ಮುಕ್ತಾಬಾಯಿಗೆ ಒಳಗೊಳಗೇ ಖುಷಿಯಾಯಿತು. ಅವಳ ಪ್ರಕಾರ ಈ ಬಳಗದಷ್ಟು ಉಡಾಫೆಯ ಮಂದಿ ಭೂಮಿಯ ಮೇಲೆ ಇರಲಿಲ್ಲ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ ಅನ್ನಿ. ಆದರೆ ಅದೇ ಸಂದೇಶವನ್ನು ಅವಳು ಸಾಸವಡದಲ್ಲಿದ್ದ ತನ್ನ ಅಣ್ಣ ಮಧುಕರ್‌ಗೂ ಕಳಿಸಿದ್ದಳು. ಎಲ್ಲ ತಕರಾರು ಅಲ್ಲಿಂದಲೇ ಶುರುವಾದದ್ದು.

"ಅವಂಗ ಯಾಕ ಕಳಿಸಿದಿ?" ಗಂಡ ಶ್ಯಾಮರಾವ್ ಕನ್ನಡಕ ತೆಗೆದು ಕೇಳಿದರು. "ಹುಡುಗಿ ಸೋದರಮಾವ ಅಂವ. ಹಳದಿ ಸೀರಿ ತರಾಂವ ಅಂವ, ಕೈ ಹಿಡಿದು ಮಂಟಪಕ್ಕ ಕರಕೊಂಡು ಬರಾಂವ ಅಂವ. ಅಂಥಾವಂಗ ನೀ ಬರ್ತೀಯೇನಪಾ ಅಂತ ಕೇಳ್ತಾರೇನು? ನಡಿ, ಅಕ್ಷತಿ ಕುಂಕುಮ ತಗೊಂಡು ಹೋಗಿ ಕರದು ಬರೂಣು."

"ಓಂಕಾರನ ಮುಂಜವಿಗೆ ನನಗ ಯಾರು ಅಕ್ಷತಿ ತಂದು ಕೊಟ್ಟಿದ್ರು?"

ಅದು ಹಳೆಯ ಗಾಯ. ಮೂರು ವರ್ಷದ ಹಿಂದೆ ಅಣ್ಣನ ಮಗನ ಮುಂಜಿವೆಗೆ ಅವಳಿಗೆ ಹಿಂದಿನ ದಿನ ಒಂದು ಫೋನು ಬಂದಿತ್ತು, ಅಷ್ಟೇ. ಹೋದರೆ ಸೋದರತ್ತೆ ಎತ್ತಬೇಕಾದ ಆರತಿಯನ್ನು ಅತ್ತಿಗೆ ರಾಧಾಬಾಯಿಯ ತಂಗಿ ಎತ್ತಿದ್ದಳು. ಮುಕ್ತಾಬಾಯಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ನೋಡಿದ್ದಳು. ಗಡಿಬಿಡಿಯಲ್ಲಿ ಮರೆತೆವು ಎಂದು ಅಣ್ಣ ಆಮೇಲೆ ಹೇಳಿದ್ದ. ಮರೆಯುವುದಕ್ಕೆ ಅವಳೇನು ಮನೆಯಲ್ಲಿ ಬಿಟ್ಟು ಬಂದ ಛತ್ರಿಯೇ?

ಆದರೆ ನಿಜ ಹೇಳಬೇಕೆಂದರೆ, ಅವಳಿಗೆ ಬೇಕಾಗಿದ್ದದ್ದು ಒಂದು ಜಗಳ. ಸಂದೇಶ ನೋಡಿ ಅಣ್ಣ ಉರಿದೇಳಬೇಕು, ಫೋನು ಮಾಡಿ ಒದರಬೇಕು. ಆಗ ಮುಂಜಿವೆಯ ಮಾತು ತೆಗೆದು ಅವನನ್ನು ಚೆನ್ನಾಗಿ ಹಣ್ಣು ಮಾಡಬೇಕು, ಇಬ್ಬರೂ ಅಳಬೇಕು, ಮರುದಿನವೇ ಅಕ್ಷತೆಯ ಬಟ್ಟಲು ಹಿಡಿದು ಸಾಸವಡದ ಬಸ್ಸು ಹತ್ತಬೇಕು. ಅಪ್ಪ ಅವ್ವ ಹೋದ ಮೇಲೆ ಅವಳಿಗೆ ತವರು ಅಂತ ಉಳಿದದ್ದು ಅವನೊಬ್ಬನೇ. ಮಗಳು ಹರ್ಷದಾಳ ಕೈ ಹಿಡಿದು ಅವನೇ ಮಂಟಪಕ್ಕೆ ಕರೆತರಬೇಕು ಎಂಬ ಆಸೆ ಅವಳಿಗಿದ್ದಷ್ಟು ಇನ್ಯಾರಿಗೂ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವಳ ಸೊಕ್ಕು ಬಿಡಲಿಲ್ಲ.

ಅಣ್ಣ ಫೋನು ಮಾಡಲಿಲ್ಲ. ಸಂದೇಶ ನೋಡಿದ ಗುರುತು ಮಾತ್ರ ನೀಲಿಯಾಗಿ ಕೂತಿತು. ದಿನ ಕಳೆದವು. ಮುಕ್ತಾಬಾಯಿ ಸಿಟ್ಟಿನಿಂದ ಲಕ್ಷ್ಮೀ ರೋಡಿನ ಸೀರೆ ಅಂಗಡಿಗೆ ಹೋಗಿ ಹಳದಿ ಸೀರೆಯನ್ನು ತಾನೇ ಕೊಂಡು ತಂದಳು. ಇಪ್ಪತ್ತನೇ ತಾರೀಖು ಸಂಜೆ ಉತ್ತರ ಬಂತು. ಬರುವಿರಾ ಎಂಬಲ್ಲಿ ಹೌದು, ಎಷ್ಟು ಜನ ಎಂಬಲ್ಲಿ ಎರಡು. ಸಂಬಂಧ ಎಂಬಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು, ಇತರರು ಎಂದಿತ್ತು. ಅಣ್ಣ ಇತರರು ಎಂಬುದನ್ನು ಒತ್ತಿದ್ದ.

"ಬಂದ ನೋಡ್ರಿ ದಾರಿಗೆ!" ಎಂದು ಅವಳು ಗಂಡನಿಗೆ ಫೋನು ತೋರಿಸಿದಳು.

ಶ್ಯಾಮರಾವ್ ಕೆಳಗಿನ ಸಾಲು ಓದಿದರು. "ಇತರರು ಅಂತ ಹಾಕ್ಯಾನ, ಮುಕ್ತಾ."

"ಬೆರಳು ಜಾರಿರಬೇಕು."

"ಔಷಧದ ಅಂಗಡಿ ನಡಸಾಂವ ಅಂವ. ಹಂಗೆಲ್ಲ ಬೆರಳು ಜಾರೂದಿಲ್ಲ ಅವಂದು. ಈಗರೇ ಹೋಗೂಣು ನಡಿ."

"ಮದುವಿ ದಿನಾ ಮಾತಾಡ್ತೀನಿ" ಎಂದು ಅವಳು ಎದ್ದು ಹೋದಳು.

ಮದುವೆಯ ದಿನ ಮಧುಕರ್ ಬೆಳಗ್ಗೆಯೇ ಬಂದ, ಬೇರೆ ಅತಿಥಿಗಳು ಇನ್ನೂ ಸ್ನಾನ ಮಾಡುವ ಹೊತ್ತಿಗೆ. ಬಿಳಿ ಧೋತರ, ಹೆಗಲ ಮೇಲೆ ಜರಿಯ ಶಲ್ಯ. ಪಕ್ಕದಲ್ಲಿ ರಾಧಾಬಾಯಿ ಒಂದು ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಇಬ್ಬರೂ ಬಾಗಿಲ ಹೊರಗೇ ನಿಂತರು, ಒಳಗೆ ಕಾಲಿಡಲಿಲ್ಲ. ಅಣ್ಣ ತಂಗಿಯ ಮುಖ ನೋಡಿದ. ಅವಳ ಕೈಯಳತೆಯಲ್ಲೇ ಅಕ್ಷತೆ ಕುಂಕುಮದ ತಟ್ಟೆ ಇತ್ತು. "ಬಾ ಅಣ್ಣಾ" ಎಂದು ಹಣೆಗೆ ಕುಂಕುಮ ಹಚ್ಚಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

ಆದರೆ ಹಿಂದಿನ ಸಾಲಿನ ಆ ಕುರ್ಚಿ ನೆನಪಾಯಿತು, ನಾಲಿಗೆ ತಿರುಗಿತು. ಬಾಗಿಲಲ್ಲಿ ಹೆಸರು ನೋಡಿ ಒಳಗೆ ಬಿಡಲು ಹಾಕಿಸಿದ್ದ ಮೇಜಿನ ಕಡೆ ಅವಳು ಕೈ ತೋರಿಸಿದಳು.

"ಅಲ್ಲೆ ಹೆಸರು ಹೇಳಿ ಒಳಗ ಹೋಗ್ರಿ. ಎಲ್ಲಾರಿಗೂ ಒಂದ ನಿಯಮ."

ರಾಧಾಬಾಯಿಯ ಬಾಯಿ ತೆರೆಯಿತು. ಮಧುಕರ್ ಅವಳ ತೋಳು ಮುಟ್ಟಿ ಸುಮ್ಮನಿರಿಸಿದ. ಮೇಜಿನ ಹತ್ತಿರ ಹೋಗಿ, ಹೆಸರು ಹೇಳಿ, ಒಳಗೆ ನಡೆದು ಕಟ್ಟಕಡೆಯ ಸಾಲಿನಲ್ಲಿ ಕೂತ.

ಮುಹೂರ್ತ ಹತ್ತಿರ ಬಂತು. ಅಂತರಪಟ ಹಿಡಿದಾಯಿತು, ಗಂಡು ಅದರ ಆಚೆ ನಿಂತಾಯಿತು. ಹರ್ಷದಾ ಒಳಕೋಣೆಯಲ್ಲಿ ಗೌರಿಯ ಮುಂದೆ ಕೂತಿದ್ದಳು, ತಾಯಿ ಕೊಂಡ ಸೀರೆ ಉಟ್ಟು. ಪುರೋಹಿತರು ಮೈಕಿನಲ್ಲೇ ಮರಾಠಿಯಲ್ಲಿ ಕೂಗಿದರು: "ಮುಲೀಚೇ ಮಾಮಾ ಕುಠೇ ಆಹೇತ? ಮಾಮಾನಾ ಬೋಲವಾ!"

ಹುಡುಗಿಯ ಸೋದರಮಾವ ಎಲ್ಲಿ, ಕರೆಯಿರಿ ಎಂದದ್ದು ಇಡೀ ಸಭಾಗೃಹಕ್ಕೆ ಕೇಳಿಸಿತು. ಕಡೆಯ ಸಾಲಿನಲ್ಲಿ ಯಾರೂ ಏಳಲಿಲ್ಲ. ಮುಕ್ತಾಬಾಯಿ ದೂರದಿಂದ ಕೈಸನ್ನೆ ಮಾಡಿದಳು. ಮಧುಕರ್ ಅವಳನ್ನೇ ನೋಡುತ್ತ ಕೂತಿದ್ದ. ಅವಳು ಅಕ್ಷತೆಯ ತಟ್ಟೆ ಕಸಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿಗಳ ನಡುವೆ ದಾಪುಗಾಲು ಹಾಕಿದಳು. ಮೋಹನದಾಸ್ ಸುಳ್ಳು ಕೆಮ್ಮು ಕೆಮ್ಮಿದ.

"ಏಳು ಅಣ್ಣಾ. ಹುಡುಗಿ ಕಾಯಲಿಕ್ಕತ್ತಾಳ."

"ನಾವು ಊಟಕ್ಕ ಬಂದೋರು ಇದ್ದೀವ್ರಿ" ಎಂದ ಮಧುಕರ್, ದನಿ ಏರಿಸದೆ. ಹುಟ್ಟಿದಾಗಿನಿಂದ ನೀ ಎಂದವನು ಅವಳಿಗೆ ರೀ ಹಚ್ಚಿದ್ದ. "ತಾರೀಖಿನೊಳಗ ತಿಳಿಸೀವಿ, ಇಬ್ಬರು ಅಂತ. ಹೆಸರು ಹೇಳಿ ಒಳಗ ಬಂದೀವಿ. ತಪ್ಪೇನಾಗ್ಯದ ಹೇಳ್ರಿ."

"ಎಲ್ಲಾರ ಮುಂದ ನನ್ನ ಮಾನ ಕಳೀಬ್ಯಾಡ. ಇಗಾ, ಅಕ್ಷತಿ ತಗೋ. ಕರೀಲಿಕ್ಕತ್ತೀನಿ."

"ಈಗೇನ್ರಿ? ಗಡುವು ಮುಗದು ಹೋಗ್ಯದಲ್ಲ."

"ಮುಂಜವಿ ದಿನಾ ನೀ ನನಗ ಏನ ಮಾಡಿದಿ, ನೆನಪದನೋ?"

"ನಾವು ಮರತಿದ್ವಿ, ಮುಕ್ತಾಬಾಯೇರ. ನೀವು ನೆನಪಿಟ್ಟು ಮಾಡೀರಿ."

ಅವಳಿಗೆ ಅವನ ಕಾಲಿಗೆ ಬೀಳಲೇ ಎಂದು ಒಂದು ಕ್ಷಣ ಅನಿಸಿತು, ಕೆನ್ನೆಗೆ ಬಾರಿಸಲೇ ಎಂದೂ ಅನಿಸಿತು. ಅಷ್ಟರಲ್ಲಿ ಸಭೆಯಲ್ಲಿ ಗುಸುಗುಸು ಎದ್ದಿತು. ತಿರುಗಿ ನೋಡಿದರೆ ಹರ್ಷದಾ ಒಳಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು, ಕಾಡಿಗೆ ಕದಡಿದ ಕಣ್ಣಿನಲ್ಲಿ ಇಬ್ಬರನ್ನೂ ನೋಡುತ್ತ.

"ಮುಹೂರ್ತ ಮೀರಲಿಕ್ಕತ್ತದ" ಎಂದಳು ಹುಡುಗಿ. "ಅಮ್ಮಾ, ನೀನೂ ಬರಬ್ಯಾಡ. ಮಾಮಾ, ನೀವು ಕೂಡ್ರಿ."

ಅವಳು ಒಬ್ಬಳೇ ನಡೆದು ಹೋಗಿ ಅಂತರಪಟದ ಈಚೆ ನಿಂತಳು. ಪುರೋಹಿತರು ಗಂಟಲು ಸರಿಮಾಡಿಕೊಂಡು ಮಂಗಳಾಷ್ಟಕ ಎತ್ತಿದರು. ಮುಕ್ತಾಬಾಯಿ ಅಕ್ಷತೆಯ ತಟ್ಟೆ ಹಿಡಿದು ಕಡೆಯ ಸಾಲಿನಲ್ಲೇ ನಿಂತಳು, ಅಲ್ಲಿಂದಲೇ ನಾಲ್ಕು ಕಾಳು ಎಸೆದಳು. ಅವು ಮುಂದಿನ ಸಾಲಿನವರ ತಲೆಯ ಮೇಲೆ ಬಿದ್ದವು. ಮಧುಕರ್ ಕೂತಲ್ಲಿಂದಲೇ ಅಕ್ಷತೆ ಎಸೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅವನು ಊಟ ಬಿಟ್ಟು ಹೋಗಿದ್ದರೆ ಅವಳಿಗೆ ಬೈಯಲು ಒಂದು ನೆವವಾದರೂ ಸಿಗುತ್ತಿತ್ತು. ಗಂಡ ಹೆಂಡತಿ ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಬಾಗಿಲಲ್ಲಿ ಕೊಟ್ಟ ತಾಂಬೂಲ ತೆಗೆದುಕೊಂಡು, ಎಲ್ಲರಂತೆ ಹೋದರು.

ಹರ್ಷದಾಳನ್ನು ಗಂಡನ ಮನೆಗೆ ಕಳಿಸಿದ ಮೇಲೆ ಶ್ಯಾಮರಾವ್ ಉಡುಗೊರೆಗಳ ರಾಶಿಯಿಂದ ಒಂದು ಬಟ್ಟೆಯ ಚೀಲ ತಂದು ಅವಳ ಮಡಿಲಲ್ಲಿ ಇಟ್ಟರು. ಒಳಗೆ ಹಳದಿ ಸೀರೆ ಇತ್ತು. ಅಂಗಡಿಯ ಮಡಿಕೆ ಬಿಚ್ಚಿ, ಅಂಚಿಗೆ ಫಾಲ್ ಹಚ್ಚಿ, ಇಸ್ತ್ರಿ ಮಾಡಿ ತಂದಿದ್ದರು, ಹುಡುಗಿ ಬೆಳಗ್ಗೆ ಹಾಗೇ ಉಡುವಂತೆ. ಸೀರೆಯ ಜೊತೆ ಹೊಲಿದ ಕುಪ್ಪಸವೂ ಇತ್ತು. ಅಳತೆಗೆಂದು ಹರ್ಷದಾಳ ಹಳೆಯ ಕುಪ್ಪಸವನ್ನು ರಾಧಾಬಾಯಿ ದೀಪಾವಳಿಯಲ್ಲೇ ಒಯ್ದಿದ್ದಳು. ಆಗಿನ್ನೂ ಮದುವೆಯ ತಾರೀಖು ಕೂಡ ಗೊತ್ತಾಗಿರಲಿಲ್ಲ.

ಮುಕ್ತಾಬಾಯಿ ಅಣ್ಣನಿಗೆ ಫೋನು ಹಚ್ಚಿದಳು. ಅವನು ಎತ್ತಿದ. ಅವಳು ಅಣ್ಣಾ ಅನ್ನುವ ಮೊದಲೇ ಅವನ ದನಿ ಬಂತು.

"ಊಟ ಭಾಳ ಛಲೋ ಆಗಿತ್ರಿ" ಎಂದು ಹೇಳಿ ಮಧುಕರ್ ಫೋನು ಇಟ್ಟ.