ಗುರುಬಾಯಿಯ ದಪ್ಪ ರೊಟ್ಟಿ

ನಾಗಣಸೂರಿನಲ್ಲಿ ರೊಟ್ಟಿಯ ಮಾತು ಬಂದರೆ ಗುರುಬಾಯಿಯ ಹೆಸರು ಬರಲೇಬೇಕು. ಆಕೆಯ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳು. ಮುರಿದರೆ ಪಕ್ಕದ ಮನೆಗೆ ಸದ್ದು ಕೇಳಬೇಕು. ಅಂಥವಳ ಕಟ್ಟೆಯ ಮೇಲೆ ಕುಳಿತೇ ಕಸ್ತೂರಬಾಯಿ ಆ ಮಾತನ್ನು ಆಡಿಬಿಟ್ಟಳು.

ಸೊಲ್ಲಾಪುರದಲ್ಲಿ ಎಚ್‌ಐವಿ ಸೋಂಕು ತಗುಲಿ ಮನೆಯವರಿಗೆ ಬೇಡವಾದ ಹೆಂಗಸರಿಗಾಗಿ ಒಂದು ಆಸರೆಮನೆ ಇತ್ತು. ಜನರು ಕೊಟ್ಟ ಕಾಳುಕಡಿಯಿಂದಲೇ ಅದರ ಒಲೆ ಉರಿಯಬೇಕು. ಕಸ್ತೂರಬಾಯಿ ಊರಿನ ಮನೆಮನೆಯಿಂದ ರೊಟ್ಟಿ ಕೂಡಿಸಿ ಸೋಮವಾರಕ್ಕೊಮ್ಮೆ ಅಲ್ಲಿಗೆ ಕಳುಹಿಸುತ್ತಿದ್ದಳು.

"ಅಲ್ಲಿ ಎಲ್ಲಾರೂ ನಂದಾನ ರೊಟ್ಟಿನ ಕೇಳ್ತಾರವ್ವಾ. ಬುಟ್ಟಿ ಇಳಸೂದ ತಡ, ಖಾಲಿ!"

"ಯಾವ ನಂದಾ? ನಮ್ಮ ನಂದಾ?"

ನಂದಾ ಗುರುಬಾಯಿಯ ನೆಗೆಣ್ಣಿ, ಮೈದುನನ ಹೆಂಡತಿ. ಒಂದೇ ಅಂಗಳ, ಎರಡು ಒಲೆ. ಆಕೆಗೆ ಹಿಟ್ಟು ನಾದಲು ಕಲಿಸಿದವಳೇ ಗುರುಬಾಯಿ.

"ಆಕಿ ರೊಟ್ಟಿ ಅಂದ್ರ ಸೆಗಣಿ ಕುಳ್ಳ ಇದ್ದಂಗ ದಪ್ಪ ಇರ್ತಾವ. ತಿನ್ನಾವ್ರಿಗೆ ರುಚಿನೂ ತಿಳಿಯೂದಿಲ್ಲೇನ?"

"ನನಗೇನ್ ಗೊತ್ತ? ಆಕಿ ರೊಟ್ಟಿ ಕೂಡ ತಾನೂ ಹೋಗ್ತಾಳ. ನೀನೂ ಒಮ್ಮಿ ಹೋಗಿ ನೋಡು."

ಗುರುಬಾಯಿ ಈವರೆಗೆ ಅಲ್ಲಿಗೆ ಹೋದವಳಲ್ಲ. ತಾನು ರೊಟ್ಟಿ ಕಟ್ಟಿ ಕೊಟ್ಟ ಅರಿವೆಯನ್ನು ಸಹ, ಆ ರೋಗದವರು ಮುಟ್ಟಿದ್ದೆಂದು, ಎಂದೂ ಹಿಂದಕ್ಕೆ ಪಡೆದವಳಲ್ಲ. ಆದರೆ ಹೊಟ್ಟೆಕಿಚ್ಚು ಅಂಜಿಕೆಗಿಂತ ದೊಡ್ಡದಾಯಿತು. ವಾರವೆಲ್ಲ ನಂದಾ ಅಂಗಳದಲ್ಲಿ ನಕ್ಕರೆ ತನ್ನನ್ನು ನೋಡಿಯೇ ನಕ್ಕಂತೆ. ಹಾಡಿದರೆ ತನ್ನನ್ನು ಕೆಣಕಲೆಂದೇ ಹಾಡಿದಂತೆ. ಮುಂದಿನ ಸೋಮವಾರ ಆಕೆ ಎಂದಿಗಿಂತಲೂ ತೆಳ್ಳಗೆ ಬಡಿದು, ಎಳ್ಳು ಹಚ್ಚಿ, ಬುಟ್ಟಿ ಹೊತ್ತು ನಂದಾಳೊಂದಿಗೆ ಬಸ್ಸು ಹತ್ತಿದಳು.

ಆಸರೆಮನೆಯಲ್ಲಿ ಊಟದ ಹೊತ್ತು. ನಂದಾ ಸಾಲಿನಲ್ಲಿ ಕುಳಿತು ಎಲ್ಲರೊಡನೆ ಉಣತೊಡಗಿದಳು. ಗುರುಬಾಯಿ ಸೆರಗನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತಳು. ನಂದಾಳ ಬುಟ್ಟಿ ನಿಜವಾಗಿಯೂ ಬರಿದಾಯಿತು. ಅದರಲ್ಲಿ ಪಾಲು ಸಿಗದ ಒಬ್ಬ ಬಡಕಲು ಹೆಂಗಸು ಗುರುಬಾಯಿಯ ರೊಟ್ಟಿಯನ್ನೆತ್ತಿ ಮುರಿದು, ನೀರಿನ ಬಟ್ಟಲಿಗೆ ಹಾಕಿದಳು.

"ಏ, ಅದನ್ಯಾಕ ನೀರಾಗ ಹಾಕ್ತಿ? ಹಾಳಾತಲ್ಲ!"

ಆ ಹೆಂಗಸು, ಛಾಯಾ, ನಾಚಿಕೊಂಡಳು. "ಬಾಯಿತುಂಬ ಹುಣ್ಣ ಆಗ್ಯಾವ್ರಿ ಅಕ್ಕಾ. ಗುಳಗಿ ಈಗ ಚಾಲೂ ಮಾಡ್ಯಾರ, ಮಾಯೂತನಕ ಹಿಂಗ. ನಿಮ್ಮ ರೊಟ್ಟಿ ವಾಸನಿಗೆ ನಮ್ಮವ್ವನ ಮನಿ ನೆನಪಾತ್ರಿ. ಖರೆ, ಹಲ್ಲ ಹಚ್ಚಿದ್ರ ಗಾಜ ಚುಚ್ಚಿದಂಗ ಆಗ್ತೈತಿ."

ಗುರುಬಾಯಿ ನಂದಾಳತ್ತ ತಿರುಗಿದಳು. "ನಿನಗ ಗೊತ್ತಿತ್ತ?"

"ಗೊತ್ತಿತ್ತ ಅಕ್ಕಾ."

"ಮತ್ಯಾಕ ಹೇಳ್ಲಿಲ್ಲ?"

"ನಿಮ್ಮ ರೊಟ್ಟಿಗೆ ನಾ ಹೆಸರಿಡ್ಲೇನ್ರಿ? ನನ್ನೂ ಒಲ್ಯಾಗ ಹಾಕಿ ಸುಡ್ತಿದ್ರಿ!"

ಸಾಲೆಲ್ಲ ನಕ್ಕಿತು. ಗುರುಬಾಯಿ ನಗಲಿಲ್ಲ. ಹೊರಡುವಾಗ ಛಾಯಾ ಮಡಚಿದ ಅರಿವೆಗಳ ಒಂದು ಕಟ್ಟು ತಂದು ಮುಂದೆ ಹಿಡಿದಳು. "ನಿಮ್ಮ ಊರಿನ್ವ ಅಂತರಿ. ಯಾರೂ ಒಯ್ದಿಲ್ಲ. ಒಗದ ಇಟ್ಟೀನಿ."

ಅಂಚಿಗೆ ತಾನೇ ಹಾಕಿದ ಕೆಂಪು ದಾರದ ಹೊಲಿಗೆ ಗುರುಬಾಯಿಗೆ ಗುರುತು ಸಿಕ್ಕಿತು. ಹಿಡಿದಿದ್ದ ಸೆರಗು ಕೈಜಾರಿತು. ಎರಡೂ ಕೈ ಚಾಚಿ ಕಟ್ಟನ್ನು ತೆಗೆದುಕೊಂಡಳು.

ಮರು ಸೋಮವಾರ ಹೊತ್ತು ಹುಟ್ಟುವ ಮೊದಲೇ ಎರಡೂ ಒಲೆಗಳಲ್ಲಿ ಹೊಗೆ ಎದ್ದಿತ್ತು. ಬುಟ್ಟಿ ನೋಡಿದ ಕಸ್ತೂರಬಾಯಿ ಗಲ್ಲಕ್ಕೆ ಕೈಯಿಟ್ಟಳು.

"ಅಯ್ಯ, ಇದೇನ ಗುರುಬಾಯಿ! ಇಷ್ಟ ದಪ್ಪ? ಕೈ ಕೆಟ್ತೇನ?"

ಅತ್ತ ನಂದಾ ತಲೆ ತಗ್ಗಿಸಿ ಹಿಟ್ಟು ನಾದುತ್ತಿದ್ದಳು. ಗುರುಬಾಯಿಯ ಎದೆಯಲ್ಲಿ ಹಳೆಯ ಕಿಚ್ಚು ಇನ್ನೊಮ್ಮೆ ಭುಗ್ಗೆಂದಿತು. ಕೈಗೆ ಹತ್ತಿದ ಹಿಟ್ಟನ್ನು ಝಾಡಿಸಿಕೊಂಡಳು.

"ನಂದಾನ ಕಡಿಂದ ಕಲ್ತೀನಿ," ಎಂದಳು. "ಓಣ್ಯಾಗ ಎಲ್ಲಾರ್ಗೂ ಹೇಳು, ಮೆತ್ತಗ ಬಡೀರಿ ಅಂತ."

ಕೆಂಪು ದಾರದ ಅರಿವೆಯಲ್ಲಿ ಬಿಸಿ ರೊಟ್ಟಿ ಕಟ್ಟಿ, ಬುಟ್ಟಿ ಎತ್ತಿಕೊಂಡಳು. ಅಂಗಳ ದಾಟುವಾಗ ಹಿಂದಿರುಗಿ ಕೂಗಿದಳು:

"ಅರಿವಿ ನಾನ ಹಿಂದಕ ತರ್ತೀನಿ!"