ನೀರು ಕುಡಿದ ಗಾಡಿ

ಭೀಮಾಶಂಕರನ ಕಾರಿಗೆ ಏನೂ ಕಡಿಮೆ ಇರಲಿಲ್ಲ. ಆದರೆ ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಜೊತೆಗಿದ್ದವರ ಕಾರುಗಳೆಲ್ಲ ಗುಂಯ್‌ಗುಡುತ್ತಿದ್ದವು, ಇವನದು ಮಾತ್ರ ಸಾಧುವಾಗಿ ಹೋಗುತ್ತಿತ್ತು. ಅದೇ ಇವನ ಸಂಕಟ. ಕೊನೆಗೆ ಇಂಜಿನ್ನಿಗೆ ತಂಪು ಗಾಳಿ ಎಳೆಯುವ ದಪ್ಪ ಕೊಳವೆಯೊಂದನ್ನು ಹಾಕಿಸಿಕೊಂಡು ಬಂದ. ಕಾರು ಮಾಡಿದವರು ಮೇಲೆ ಇಟ್ಟಿದ್ದ ಗಾಳಿಯ ಬಾಯಿ ಈಗ ಬಂಪರಿನ ಹಿಂದೆ, ನೆಲದ ಹತ್ತಿರಕ್ಕೆ ಇಳಿಯಿತು.

"ಇದು ಮುಳುಗಿದ್ರ ಗಾಳಿ ಬದಲಿ ನೀರು ಎಳಕೊಂತೈತಲ್ರಿ?" ಎಂದು ಹೆಂಡತಿ ಕುಮುದಾ ಕೇಳಿದಳು.

"ನಿಂತ ನೀರಿಗೆ ಗಾಡಿ ಇಳಸೂದೇ ಇಲ್ಲ, ನಿನ್ನಾಣಿ" ಎಂದು ಮಾತು ಕೊಟ್ಟ.

ಮಹಾನವಮಿಯ ಹಿಂದಿನ ಸಂಜೆ ಸುರಿದ ಮಳೆಗೆ ಲಿಂಗಂಪಲ್ಲಿಯ ರೈಲು ಸೇತುವೆಯ ಕೆಳಗೆ ನೀರು ನಿಂತಿತ್ತು. ಉಳಿದವರು ಗಾಡಿ ತಿರುಗಿಸಿಕೊಂಡು ಹೋಗುತ್ತಿದ್ದರು. ಪಕ್ಕದಲ್ಲಿ ಆಫೀಸಿನ ಗೆಳೆಯ ವೈಭವ ಕೂತಿದ್ದ. ಅವನೆದುರು ಹಿಂದೆ ಸರಿಯುವುದುಂಟೆ? ಇಳಿಸಿಯೇ ಬಿಟ್ಟ. ನಡುನೀರಿನಲ್ಲಿ ಇಂಜಿನ್ ನಿಂತಿತು. ಆಗಲಾದರೂ ಕೈಕಟ್ಟಿ ಕೂರಬೇಕಿತ್ತು. ಬುದ್ಧಿವಂತ, ಮತ್ತೆ ಮತ್ತೆ ಚಾವಿ ತಿರುವಿದ. ಒಳಗೆ ಹೋದ ನೀರಿನ ಒತ್ತಡಕ್ಕೆ ಇಂಜಿನ್ನಿನ ಯಾವುದೋ ಕಬ್ಬಿಣ ಟಣ್ಣೆಂದು ಬಾಗಿದ್ದು ಇಬ್ಬರಿಗೂ ಕೇಳಿಸಿತು. ಆಟೋದವರ ಕೈಕಾಲು ಹಿಡಿದು ಗಾಡಿ ನೂಕಿಸಿಕೊಂಡು ಬಂದು, ಅಪಾರ್ಟ್‌ಮೆಂಟಿನ ಕೆಳಗೆ ನಿಲ್ಲಿಸಿ, ಮೇಲೆ ಹೋಗಿ ಉಂಡು ಮಲಗಿದ. ಕುಮುದಾಳಿಗೆ ಹೇಳಲು ಬಾಯಿ ಬರಲಿಲ್ಲ.

ಬೆಳಗ್ಗೆ ಅಣ್ಣ ಮೌನಪ್ಪ ಗಾಡಿಯ ಖಂಡೇಪೂಜೆಗೆಂದು ಬಂದ. ಅಬಿಡ್ಸ್‌ನ ಬಟ್ಟೆ ಅಂಗಡಿಯಲ್ಲಿ ಅವನ ಕೆಲಸ. ಮನೆತನಕ್ಕೆ ಇದು ಮೊದಲ ಕಾರು. ತಮ್ಮನಿಗಿಂತ ಅವನಿಗೇ ಅದರ ಹೆಮ್ಮೆ ಹೆಚ್ಚು. ಕುಮುದಾಳಿಂದ ಚಾವಿ ಇಸಿದುಕೊಂಡು, ತಮ್ಮ ಏಳುವ ಮೊದಲೇ ಪೈಪು ಹಿಡಿದು ಗಾಡಿ ತೊಳೆದ. ಬಾನೆಟ್ ಎತ್ತಿ ಇಂಜಿನ್ನಿಗೂ ನೀರು ಹೊಡೆದ. ಚೆಂಡುಹೂವಿನ ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟ.

ಪೂಜೆ ಮುಗಿದು ಭೀಮಾಶಂಕರ ಚಾವಿ ತಿರುವಿದರೆ, ಗಾಡಿ ಕಟ್ಟೆಂದು ಸುಮ್ಮನಾಯಿತು. ನೆರೆಮನೆಯವರೆಲ್ಲ ನೋಡುತ್ತಿದ್ದರು.

"ಬಾವಾರ, ಇಂಜಿನ್ನಿಗೆ ಯಾರರ ನೀರು ಹೊಡೀತಾರೇನ್ರಿ?" ಎಂದಳು ಕುಮುದಾ.

ಮೌನಪ್ಪ ತಮ್ಮನ ಮುಖ ನೋಡಿದ. ನಿಜ ಹೇಳಲು ಅಷ್ಟು ಹೊತ್ತು ಸಾಕಿತ್ತು. ಭೀಮಾಶಂಕರ ಹೇಳಿದ್ದು ಬೇರೆ: "ಗೊತ್ತಿಲ್ಲದ್ದಕ್ಕ ಯಾಕ ಕೈ ಹಾಕಬೇಕಣ್ಣಾ?"

"ತಪ್ಪಾತಪಾ" ಎಂದ ಮೌನಪ್ಪ.

ಅಂದು ಹೋಳಿಗೆ ಊಟ. ಅಣ್ಣ ತಲೆ ತಗ್ಗಿಸಿ ಉಂಡ, ತುಪ್ಪ ಕೂಡ ಕೇಳಲಿಲ್ಲ. ಅದನ್ನು ನೋಡಿ ಭೀಮಾಶಂಕರನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಕೊಟ್ಟ ಮಾತು ಮುರಿದದ್ದನ್ನೂ ಕುಮುದಾಳ ಮುಂದೆ ಒಪ್ಪಬೇಕಲ್ಲ.

ಮರುದಿನ ದಸರೆ. ಬನ್ನಿ ಕೊಡಲು ಬಂದವರಿಗೆಲ್ಲ, ಹಬ್ಬಕ್ಕೆ ಉಳಿದಿದ್ದ ಮೌನಪ್ಪ ತಾನಾಗಿಯೇ, "ತಮ್ಮನ ಗಾಡಿ ನಾನೇ ಕೆಡಿಸೀನ್ರಿ" ಎಂದು ಹೇಳಿಕೊಂಡ. ಅದು ಕಿವಿಗೆ ಬಿದ್ದಾಗಲೆಲ್ಲ ಭೀಮಾಶಂಕರ ಅಡುಗೆಮನೆಗೋ ಬಾಲ್ಕನಿಗೋ ಜಾರಿಕೊಂಡ. ಬಂದವರೆಲ್ಲ ಹೋದ ಮೇಲೆ ಜಾರಿಕೊಳ್ಳಲು ನೆವ ಉಳಿಯಲಿಲ್ಲ. ಕಿರಿಯವನು ಹಿರಿಯನ ಕೈಗೆ ಬನ್ನಿ ಇಟ್ಟು ಕಾಲಿಗೆ ಬೀಳಬೇಕು. ಬಿದ್ದ.

ಎತ್ತುವ ನೆವದಲ್ಲಿ ಮೌನಪ್ಪ ಬಗ್ಗಿ, ಕುಮುದಾಳಿಗೆ ಕೇಳದಂತೆ ಹೇಳಿದ: "ಮನಸಿಗೆ ಹಚ್ಚಿಕೋಬ್ಯಾಡ. ಕೆಸರು ಗಾಡಿ ಬಾಗಿಲದ ಅರ್ಧಕ್ಕ ಏರಿತ್ತು. ತೊಳದಾಂವ ನಾನೇ ಅಲ್ಲೇನು? ಆಕಿ ಮುಂದ ನಿನ್ನ ಮಾನ ಹೋಗಬಾರದಂತ ಸುಮ್ಮನಾದೆ."

ಭೀಮಾಶಂಕರನಿಗೆ ನಾಚಿಕೆಯಿಂದ ಏಳಲಾಗಲಿಲ್ಲ.

"ಏಳ್ರಿ, ಎಷ್ಟೊತ್ತು ನಮಸ್ಕಾರ ಮಾಡ್ತೀರಿ?" ಎಂದು ಕುಮುದಾ ನಕ್ಕಳು.

"ಗಾಡಿ ನೀರಿಗೆ ಇಳಿಸಿದಾಂವ ನಾನು, ಕುಮುದಾ. ಅಣ್ಣ ಬರೂಕಿಂತ ಮೊದಲೇ ಕೆಟ್ಟಿತ್ತು."

ಅವಳ ನಗು ನಿಂತದ್ದು ಕೇಳಿಸಿತು. ತಿರುಗಿ ನೋಡುವ ಧೈರ್ಯವಾಗದೆ ಅವನು ಅಣ್ಣನ ಕಾಲು ಹಿಡಿದುಕೊಂಡೇ ಇದ್ದ.